ತೆಳುವಾದ ನೆತ್ತರು

ಫೆಬ್ರವರಿ 3, ಸೋಮವಾರ

ಇವತ್ತು ಯಜಮಾನರು ಮಿಲ್ಲಿನಲ್ಲಿ ಹೊನ್ನೂರಸ್ವಾಮಿಯ ಹಲ್ಲು ಮುರಿದರು. ಯಂತ್ರಕ್ಕೆ ಶೇಂಗಾ ಸುರಿಯುವುದು ತಡವಾಯಿತಂತೆ. ಅಷ್ಟಕ್ಕೇ ಸೊಂಟದ ಬೆಲ್ಟ್ ಬಿಚ್ಚಿ, ಬಕಲ್ ಇರುವ ತುದಿಯಿಂದ ಬಾಯಿಗೇ ಬೀಸಿದ್ದಾರೆ. ಹೊನ್ನೂರಸ್ವಾಮಿ ನಾನು ಮದುವೆಯಾಗಿ ಚಳ್ಳಕೆರೆಗೆ ಬಂದಾಗಿನಿಂದ ನಮ್ಮ ಎಣ್ಣೆ ಮಿಲ್ಲಿನಲ್ಲಿರುವವನು. ಮೊಮ್ಮಕ್ಕಳನ್ನು ಕಂಡವನು. ಬಾಯಿಗೆ ಟವೆಲ್ ಒತ್ತಿಕೊಂಡು ನಮ್ಮ ಮನೆಯ ಮುಂದೆಯೇ ಹಾದುಹೋದ. ನಾನು ಕಿಟಕಿಯಿಂದ ಹಿಂದೆ ಸರಿದೆ.

ಇವರ ಅಂಗಿಯ ತೋಳಿಗೆ ಅವನ ರಕ್ತ ಚಿಮ್ಮಿತ್ತು. ತಣ್ಣೀರಿಗೆ ಉಪ್ಪು ಹಾಕಿ ನೆನೆಸಿಟ್ಟೆ. ರಕ್ತದ ಕಲೆ ಬಿಸಿನೀರಿಗೆ ಇನ್ನೂ ಗಟ್ಟಿಯಾಗುತ್ತದೆ. ಅದನ್ನು ಈ ಮನೆಗೆ ಬಂದ ಮೇಲೆ ಕಲಿತೆ.

ಊಟಕ್ಕೆ ಕೂತಾಗ ದೀಪಿಕಾ, ಹೊನ್ನೂರಸ್ವಾಮಿಯ ಮನೆಗೆ ಹೋಗಿ ನೋಡಿಕೊಂಡು ಬರಬಾರದೇ ಎಂದು ಅಪ್ಪನನ್ನು ಕೇಳಿದಳು. ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಮೇ ತಿಂಗಳಲ್ಲಿ ಮದುವೆ ನಿಶ್ಚಯವಾಗಿರುವವಳು, ಹೀಗೆಲ್ಲ ಕೇಳಬಾರದೆಂದು ಅವಳಿಗಿನ್ನೂ ಗೊತ್ತಾಗಿಲ್ಲ. ಯಜಮಾನರು ಎದುರಿಗಿದ್ದ ತಟ್ಟೆಯನ್ನು ಗೋಡೆಗೆ ಎಸೆದರು. ಸಾರು ದೇವರ ಪಟಗಳವರೆಗೂ ಹಾರಿತು. ಒರೆಸಿದೆ.

ಮಾತಾಡಿದರೆ ಮನೆಯಲ್ಲಿ ಗದ್ದಲ ಏಳುತ್ತದೆ. ಬರೆದರೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ 12, ಬುಧವಾರ

ಹಿಂದಿನ ವರ್ಷ ಇವರಿಗೆ ಬಿ.ಪಿ. ಇದೆ ಎಂದು ಹೇಳಿ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಗಳು ಇವತ್ತು ಹಿತ್ತಿಲ ಚರಂಡಿಯಲ್ಲಿ ಸಿಕ್ಕವು. ಎಲ್ಲವನ್ನೂ ಅಲ್ಲಿಗೇ ಎಸೆಯುತ್ತಿದ್ದಾರೆ. ಕೇಳಿದರೆ, ಅವನ್ನು ನುಂಗಿದರೆ ಮೈ ಸಡಿಲ ಬೀಳುತ್ತದೆ, ಗಂಡಸು ಹೆಂಗಸಾಗುತ್ತಾನೆ ಎಂದರು. ಈಗ ನುಂಗುವುದು ಆಸ್ಪಿರಿನ್.

ಇದನ್ನು ಇವರಿಗೆ ಹೇಳಿಕೊಟ್ಟವರು ಚಿಕ್ಕಬಸಪ್ಪನವರು. ಶೇಂಗಾ ಮಂಡಿಯವರು, ಇವರ ಹಳೆಯ ಸ್ನೇಹಿತರು. ಹೋದ ದೀಪಾವಳಿಯ ಹೊತ್ತಿಗೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಆಮೇಲೆ ದಿನಾ ಒಂದು ಸಣ್ಣ ಆಸ್ಪಿರಿನ್ ತೆಗೆದುಕೊಳ್ಳಬೇಕು, ಅದರಿಂದಲೇ ಬದುಕಿದ್ದೇನೆ ಎಂದು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇವರು ಅದನ್ನೇ ಹಿಡಿದುಕೊಂಡರು. ಬಿ.ಪಿ. ಅಂದರೂ ಅದೇ, ಹೃದಯ ಅಂದರೂ ಅದೇ, ಅವನಿಗೆ ಒಂದು ಸಾಕಾದರೆ ನನಗೆ ಎರಡು ಎನ್ನುತ್ತಾರೆ. ಚಿಕ್ಕದಲ್ಲ, ದೊಡ್ಡ ಮಾತ್ರೆ. ಬೆಳಿಗ್ಗೆ ಏನೂ ತಿನ್ನದೆ ನುಂಗಿ ಎದೆ ತಟ್ಟಿಕೊಳ್ಳುತ್ತಾರೆ.

ಹಲ್ಲುಜ್ಜಿದರೆ ಉಗುಳು ಕೆಂಪಾಗಿರುತ್ತದೆ. ಮೊಣಕೈ ಬಾಗಿಲಿಗೆ ತಾಗಿದರೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನನಗೂ ಹಾಗೆ ಆಗುತ್ತದೆ, ಆದರೆ ನನ್ನದಕ್ಕೆ ಬೇರೆ ಕಾರಣ.

ಫೆಬ್ರವರಿ 21, ಶುಕ್ರವಾರ

ಬಚ್ಚಲ ಕಲ್ಲಿನ ಕೆಳಗೆ ಚೇಳು ಬಂದಿತ್ತು. ಚಪ್ಪಲಿಯಿಂದ ಹೊಡೆದೆ. ಮೊದಲ ಏಟಿಗೇ ಸತ್ತಿತ್ತಂತೆ, ದೀಪಿಕಾ ಹೇಳಿದಳು. ಅವಳು ನನ್ನ ತೋಳು ಹಿಡಿದಾಗ ಕಲ್ಲಿನ ಮೇಲೆ ಒಂದು ಕರಿ ಮಚ್ಚೆ ಬಿಟ್ಟರೆ ಏನೂ ಇರಲಿಲ್ಲ.

ಮಾರ್ಚ್ 2, ಭಾನುವಾರ

ಮೊಳಕಾಲ್ಮೂರಿಗೆ ಹೋಗಿದ್ದೆವು. ಮದುವೆಯ ಸೀರೆ ಎಷ್ಟು ನೆಯ್ದಾಯಿತು ಎಂದು ನೋಡಲು ಯಜಮಾನರೇ ಹೊರಡಿಸಿದರು. ದೀಪಿಕಾಗೆ ಜ್ವರ, ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ನೇಕಾರ ಗುರುಸ್ವಾಮಿಯವರ ಮನೆಯಲ್ಲಿ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಹಾಗಾಗಿ ನಿಂತವರ ಮೊಣಕಾಲಿನ ಮಟ್ಟಕ್ಕೆ ಅವರ ಎದೆ ಬರುತ್ತದೆ. ಅರಿಶಿನದ ಒಡಲು, ಕುಂಕುಮದ ಅಂಚು ಎಂದು ನಾವೇ ಹೇಳಿದ್ದು. ಅರ್ಧ ಸೀರೆ ನೆಯ್ದಾಗಿತ್ತು. ಅಂಚು ಇವರ ಕಣ್ಣಿಗೆ ಕಪ್ಪಾಗಿ ಕಂಡಿತು. ಶುಭಕಾರ್ಯಕ್ಕೆ ಕಪ್ಪು ಹಾಕಿದೀಯಾ ಎಂದರು. ಗುರುಸ್ವಾಮಿಯವರು, ಒಳಗೆ ಬೆಳಕು ಕಡಿಮೆ, ಬಿಸಿಲಿಗೆ ಹಿಡಿದರೆ ಕೆಂಪೇ ಕಾಣುತ್ತದೆ ಎಂದು ನಗುತ್ತಲೇ ಹೇಳಿದರು. ಆ ನಗು ಇವರಿಗೆ ಆಗಲಿಲ್ಲ.

ಮೇಲೆ ನಿಂತಿದ್ದ ಇವರು ಬೂಟುಗಾಲಿನಿಂದ ಗುಂಡಿಯಲ್ಲಿ ಕೂತವರ ಎದೆಗೆ ಒದ್ದರು. ಮುದುಕ ಹಿಂದಕ್ಕೆ ಬಿದ್ದಾಗ ಹಲಗೆ ಬಡಿದ ಸದ್ದು ಬಂತು. ಕಾಲು ಗುಂಡಿಯೊಳಗೇ ಸಿಕ್ಕಿಕೊಂಡು ಏಳಲಾಗಲಿಲ್ಲ. ಇವರು ಮಗ್ಗದ ಪಕ್ಕದ ಕತ್ತರಿ ತೆಗೆದುಕೊಂಡು, ಬಿಗಿದು ಕಟ್ಟಿದ್ದ ರೇಷ್ಮೆಯ ಹಾಸನ್ನು ಅಡ್ಡಕ್ಕೆ ಕತ್ತರಿಸತೊಡಗಿದರು. ಎಳೆಗಳು ಪಟ್ ಪಟ್ ಎಂದು ಹರಿದು ಎರಡೂ ಕಡೆಗೆ ಹಾರಿದವು. ಎರ್ರಮ್ಮನವರು ಗಂಡನನ್ನು ಎತ್ತುವುದೋ ಮಗ್ಗ ಹಿಡಿಯುವುದೋ ತಿಳಿಯದೆ "ಚಾಲು, ಚಾಲು" ಎಂದು ತೆಲುಗಿನಲ್ಲಿ ಅಂಗಲಾಚುತ್ತಿದ್ದರು. ಸಾಕು, ಸಾಕು ಎಂದು.

ಹೊರಗಿನಿಂದ ಅವರ ಮಗ ಅಶ್ವಥ್ ಬಂದ. ಮುಷ್ಟಿ ಕಟ್ಟಿ ಒಂದೇ ಒಂದು ಗುದ್ದು, ಮೂಗಿನ ಮೇಲೆ.

ಮದುವೆಯಾದಾಗಿನಿಂದ ಇವರಿಗೆ ಯಾರಾದರೂ ಹೊಡೆದದ್ದನ್ನು ನಾನು ನೋಡಿದ್ದು ಇದೇ ಮೊದಲು. ನೋಡಿದೆ. ಚೆನ್ನಾಗಿ ನೋಡಿದೆ.

ಆ ರಕ್ತ ನಿಲ್ಲಲಿಲ್ಲ. ತಲೆ ಬಗ್ಗಿಸಿದರೂ ಇಲ್ಲ, ಮೂಗು ಹಿಂಡಿ ಹಿಡಿದರೂ ಇಲ್ಲ. ಟವೆಲ್ ನೆನೆಯಿತು, ನನ್ನ ಸೆರಗೂ ನೆನೆಯಿತು, ಕಾರಿನ ಸೀಟೂ ನೆನೆಯಿತು. ಅಲ್ಲೇ ಬಸ್ ನಿಲ್ದಾಣದ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಮೂಗಿಗೆ ಬಟ್ಟೆ ತುರುಕಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಇನ್ನೂರರ ಮೇಲಿತ್ತು. ಮತ್ತೆ ನೋಡಿದರು. ಅಷ್ಟೇ. ಏನು ಮಾತ್ರೆ ನುಂಗುತ್ತಾರೆ ಎಂದು ನನ್ನನ್ನು ಕೇಳಿದರು. ಹೇಳಿದೆ.

ಯಜಮಾನರು ನರ್ಸಿನ ಮೇಲೆ ಕೂಗಾಡುತ್ತ ಒಳಗೇ ಮಲಗಿದ್ದಾಗ, ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಆಸ್ಪಿರಿನ್ ಬಿ.ಪಿ. ಇಳಿಸುವ ಮಾತ್ರೆಯೇ ಅಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು, ಅವರ ರಕ್ತನಾಳದಲ್ಲಿ ಮತ್ತೆ ಗಡ್ಡೆ ಕಟ್ಟಬಾರದು. ಇವರಿಗೆ ಅದೇನೂ ಆಗಿಲ್ಲ. ಒತ್ತಡ ಇಷ್ಟು ಏರಿರುವಾಗ ರಕ್ತವನ್ನೂ ತೆಳು ಮಾಡಿಕೊಂಡರೆ ತಲೆಯೊಳಗಿನ ಸಣ್ಣ ನಾಳವೊಂದು ಒಡೆದರೂ ಸಾಕು, ನಿಲ್ಲಿಸುವುದು ಕಷ್ಟ.

"ಒಂದು ಮಾತು ನೆನಪಿಟ್ಕಳಿ ಅಮ್ಮ," ಎಂದರು. "ಇವ್ರ ತಲೆಗೆ ಪೆಟ್ಟು ಬಿದ್ರೆ, ಹೊರಗೆ ರಕ್ತ ಕಾಣ್ಲಿಲ್ಲ ಅಂತ ಸುಮ್ನಿರಬೇಡಿ. ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಿ."

ನೆನಪಿಟ್ಟುಕೊಂಡಿದ್ದೇನೆ.

ಮಾರ್ಚ್ 3, ಸೋಮವಾರ

ಡಾಕ್ಟರಮ್ಮ ಕೊಟ್ಟ ಹೊಸ ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ನೀರಿನ ಜೊತೆ ಮುಂದಿಟ್ಟೆ. ಆಸ್ಪಿರಿನ್ ಬಿಡಬೇಕಂತೆ ಎಂದೆ. ಲೋಟ ನನ್ನ ಹಣೆಗೆ ಬಂತು. ಮತ್ತೆ ನೀರು ತಂದು, ಮತ್ತೆ ಹೇಳಿದೆ. ಆಗ ಕೈ ಬಂತು. ಕಿವಿಯೊಳಗೆ ಈಗಲೂ ಗುಂಯ್ ಎನ್ನುತ್ತಿದೆ.

ಮೂರನೆಯ ಸಲ ಹೇಳಲಿಲ್ಲ. ಹೇಳುವಷ್ಟು ಹೇಳಿದ್ದಾಯಿತು.

ಮಾರ್ಚ್ 11, ಮಂಗಳವಾರ

ಬಸ್ಸಿನಲ್ಲಿ ಒಬ್ಬಳೇ ಮೊಳಕಾಲ್ಮೂರಿಗೆ ಹೋಗಿಬಂದೆ. ತವರಿಗೆ ಹೋಗುವಾಗಲೂ ನಾನು ಒಬ್ಬಳೇ ಬಸ್ ಹತ್ತಿದವಳಲ್ಲ.

ಗುರುಸ್ವಾಮಿಯವರು ಒಳಗೆ ಮಲಗಿದ್ದರು. ಪಕ್ಕೆಲುಬು ಬಿರುಕು ಬಿಟ್ಟಿದೆ, ಕೆಮ್ಮಿದರೆ ಕೂಗುತ್ತಾರೆ. ಮಗ್ಗದ ಮುಂದೆ ಅಶ್ವಥ್ ಬಗ್ಗಿ ಕೂತು ಹರಿದ ಎಳೆಗೆ ಎಳೆ ಹುಡುಕಿ ಗಂಟು ಹಾಕುತ್ತಿದ್ದ. ತಲೆ ಎತ್ತಲಿಲ್ಲ. ನಾನು ತಂದಿದ್ದ ಹಣ್ಣಿನ ಚೀಲವನ್ನು ಎರ್ರಮ್ಮನವರು ಬಾಗಿಲ ಹೊರಗೇ ಇಡಿಸಿದರು. ಕ್ಷಮಿಸಿ ಎಂದೆ. ಅವರು ನನ್ನ ಹಣೆಯ ಗಾಯವನ್ನು ಒಂದು ಗಳಿಗೆ ನೋಡಿದರು.

"ನಿನ್ ಗಂಡನ್ನ ನೀನೇ ಹಿಡ್ಕಬೇಕಮ್ಮ," ಎಂದರು. "ಊರೋರ್ ಮ್ಯಾಲೆ ಬಿಟ್ಟು ಆಮ್ಯಾಕೆ ಹಣ್ಣು ತಂದ್ರೆ ಏನ್ ಬಂತು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಹಿಂದೆ ಸರಿದದ್ದೂ ಗೊತ್ತಾಗಲಿಲ್ಲ.

ಮಾರ್ಚ್ 17, ಸೋಮವಾರ

ಸಂಜೆಯಾಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಅಂಗೈ ಸುಟ್ಟಿದೆ.

ಮಧ್ಯಾಹ್ನ ರೊಟ್ಟಿ ಸುಡುತ್ತಿದ್ದೆ. ಯಜಮಾನರು ಒಳಗೆ ಬಂದರು. ನಾನು ನೇಕಾರರ ಮನೆಗೆ ಹೋಗಿದ್ದ ಸುದ್ದಿ ಮಂಡಿಯಲ್ಲಿ ಯಾರಿಂದಲೋ ಅವರಿಗೆ ತಲುಪಿತ್ತು. ನನ್ನ ಮಾನ ಕಳೆದು ಅವರ ಕಾಲಿಗೆ ಬೀಳಲು ಹೋಗಿದ್ದೆಯಾ ಎಂದು ಸೊಂಟಕ್ಕೆ ಒದ್ದರು. ಕೆಳಗೆ ಬಿದ್ದವಳಿಗೆ ಮತ್ತೆರಡು ಒದ್ದರು. ಇದೆಲ್ಲ ಇದ್ದದ್ದೇ. ಸುಮ್ಮನೆ ಮುದುರಿಕೊಂಡು ಬಿದ್ದಿದ್ದರೆ ಮುಗಿಯುತ್ತಿತ್ತು.

ಊಟಕ್ಕೆಂದು ಶಾಲೆಯಿಂದ ಬಂದಿದ್ದ ದೀಪಿಕಾ ನಡುವೆ ಬಂದಳು. ಅಪ್ಪನ ಎದೆಗೆ ಎರಡೂ ಕೈ ಕೊಟ್ಟು ತಳ್ಳಿದಳು. ಅವನು ಅವಳ ಕುತ್ತಿಗೆ ಹಿಡಿದ. ಗೋಡೆಗೆ ಒತ್ತಿ, ಎರಡೂ ಕೈಯಲ್ಲಿ ಹಿಡಿದ. ಬಿಡುತ್ತಾನೆ ಎಂದುಕೊಂಡೆ. ಬಿಡಲಿಲ್ಲ. ಅವಳ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ.

ಒಲೆಯ ಮೇಲಿದ್ದ ಕಬ್ಬಿಣದ ಹೆಂಚನ್ನು ಬರಿಗೈಯಲ್ಲಿ ಎತ್ತಿದೆ. ಬಿಸಿ ಗೊತ್ತಾಗಲಿಲ್ಲ. ಎಡಗಿವಿಯ ಮೇಲ್ಗಡೆಗೆ ಹೊಡೆದೆ. ನನ್ನ ತೋಳಿನಲ್ಲಿ ಅಷ್ಟು ಬಲವಿದೆ ಎಂದು ನನಗೇ ತಿಳಿದಿರಲಿಲ್ಲ.

ದೀಪಿಕಾ ಕೆಳಕ್ಕೆ ಕುಸಿದು ಉಸಿರೆಳೆದುಕೊಂಡಳು. ಅವನು ಅಕ್ಕಿ ಡಬ್ಬಿಯ ಮೇಲೆ ಕೂತುಕೊಂಡ. ತಲೆ ಮುಟ್ಟಿ ಬೆರಳು ನೋಡಿದ. ಸುಟ್ಟ ಕೂದಲಿನ ವಾಸನೆ ಇತ್ತು. ರಕ್ತ ಇರಲಿಲ್ಲ. ಆಮೇಲೆ ನಕ್ಕ.

"ಇಷ್ಟೇ ಏನೇ ನಿನ್ ತಾಕತ್ತು?" ಎಂದ.

ನೆಟ್ಟಗೆ ನಡೆದುಕೊಂಡೇ ಪಡಸಾಲೆಗೆ ಹೋಗಿ ಮಂಚದ ಮೇಲೆ ಮಲಗಿದ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯುತ್ತಿದೆ ಎಂದು ಎರಡು ಆಸ್ಪಿರಿನ್ ತೆಗೆದ. ಬೇಡ, ಅದನ್ನು ನುಂಗಬೇಡಿ, ಆಸ್ಪತ್ರೆಗೆ ಹೋಗೋಣ ಬನ್ನಿ ಎಂದೆ. ನನ್ನನ್ನೇ ನೋಡುತ್ತ ನುಂಗಿದ.

ಆಂಬುಲೆನ್ಸ್ ಕರೆಸೋಣ ಎಂದು ದೀಪಿಕಾ ಬರೆದು ತೋರಿಸಿದಳು. ಅವಳಿಗೆ ದನಿ ಬರುತ್ತಿಲ್ಲ. ಅವನೇ ಬೇಡ ಎನ್ನುತ್ತಿದ್ದಾನಲ್ಲ ಎಂದೆ. ಡಾಕ್ಟರಮ್ಮ ಹೇಳಿದ್ದು ನನಗೊಬ್ಬಳಿಗೇ ಗೊತ್ತು. ಅದನ್ನು ಅವಳಿಗೆ ಹೇಳಿಲ್ಲ.

ಫೋನು ಇಲ್ಲೇ ಪಕ್ಕದಲ್ಲಿದೆ.

ಮಾರ್ಚ್ 20, ಗುರುವಾರ. ದಾವಣಗೆರೆ

ಮೊನ್ನೆ ಬೆಳಿಗ್ಗೆ ಅವನು ಎದ್ದು ಕೂತ. ಕಾಫಿ ಕೊಟ್ಟೆ. ಲೋಟ ಬಲಗೈಯಿಂದ ಜಾರಿತು. ಬೇರೆ ಯಾರದೋ ಕೈ ನೋಡಿದ ಹಾಗೆ ಅದನ್ನು ನೋಡಿದ. ಏನೋ ಬೈಯಲು ಹೊರಟ. ಮಾತು ತೊದಲಿ ಬಾಯಲ್ಲೇ ಮುದ್ದೆಯಾಯಿತು. ಬಾಯಿಯ ಒಂದು ಕಡೆ ಕೆಳಗೆ ಜೋತಿತ್ತು. ನಾನು ಬಾಗಿಲಿಗೆ ಒರಗಿ ನೋಡುತ್ತ ನಿಂತೆ. ಬಿಸಿ ಕಾಫಿ ಎದೆಯ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಅದು ಸುಡುತ್ತಿದೆ ಎಂದು ಅವನ ಕಣ್ಣಿನಲ್ಲಿ ಕಂಡಿತು. ಆಗ ಸೆರಗಿನಿಂದ ಒರೆಸಿದೆ. ಒರೆಸಿದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ.

ನಾವು ದಾವಣಗೆರೆ ತಲುಪುವಷ್ಟರಲ್ಲಿ ಅವನ ತಮ್ಮ ಪಾಲಾಕ್ಷ ಪರಶುರಾಂಪುರದಿಂದ ಕಾರಿನಲ್ಲಿ ಬಂದಿದ್ದ. ದೀಪಿಕಾಳ ಕುತ್ತಿಗೆ, ನನ್ನ ಕೈ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ಮನೆತನದ ಮರ್ಯಾದೆ ನಿನ್ನ ಬಾಯಲ್ಲಿದೆ, ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದ ಎಂದು ಹೇಳು, ನೀನೂ ಜೈಲಿಗೆ ಹೋಗುವುದು ತಪ್ಪುತ್ತದೆ ಎಂದ. ತಲೆ ಅಲ್ಲಾಡಿಸಿದ್ದೆ. ಹಾಗೇ ಹೇಳುವುದೆಂದು ನಾನೂ ಅಂದುಕೊಂಡಿದ್ದೆ.

ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ಮೇಲೆ ರಕ್ತ ತುಂಬಿಕೊಂಡಿರುವುದು ಕಂಡಿತು. ಶಸ್ತ್ರಚಿಕಿತ್ಸೆಯ ಡಾಕ್ಟರು ಬಂದು, ಯಾವಾಗ ಬಿದ್ದರು ಎಂದು ಕೇಳಿದರು. ಈಗ ಬೆಳಿಗ್ಗೆ, ಬಚ್ಚಲಲ್ಲಿ ಎಂದ ಪಾಲಾಕ್ಷ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿದರು. ಅಂಥದ್ದೇನೂ ಇಲ್ಲ ಎಂದ. ಡಾಕ್ಟರು ಅದನ್ನು ಬರೆದುಕೊಳ್ಳತೊಡಗಿದರು. ಹಾಗೆಂದು ನಂಬಿ ತಲೆ ತೆರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಸೆರಗು ನೆನೆದ ದಿನ ನೋಡಿದ್ದೆನಲ್ಲ.

"ಬಿದ್ದಿಲ್ಲ," ಎಂದೆ. "ನಾನು ಹೊಡೆದೆ. ನಿನ್ನೆ ಮಧ್ಯಾಹ್ನ, ರೊಟ್ಟಿ ಹೆಂಚಲ್ಲಿ. ಆಮೇಲೆ ಎರಡು ಆಸ್ಪಿರಿನ್ ನುಂಗಿದಾನೆ. ದಿನಾ ನುಂಗ್ತಾನೆ. ಬಿ.ಪಿ. ಮಾತ್ರೆ ನುಂಗಲ್ಲ."

ಡಾಕ್ಟರು ನನ್ನ ಮುಖವನ್ನು ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿ, ಒಳಗೆ ಓಡಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ತರಿಸಿ ಏರಿಸಬೇಕೆಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

ಪಾಲಾಕ್ಷ ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಎದ್ದರು. ಇನ್ನೊಮ್ಮೆ ಬಡಿಯಲು ಎಳೆದಾಗ ಅವನ ಒಂದು ಬೆರಳು ನನ್ನ ಕೈಗೆ ಸಿಕ್ಕಿತು. ಅದನ್ನು ಹಿಂದಕ್ಕೆ ಬಗ್ಗಿಸಿದೆ. ಲಟಕ್ ಎನ್ನುವವರೆಗೂ ಬಗ್ಗಿಸಿದೆ. ಅವನು ಮಂಡಿಯೂರಿ ಕೂತ. ದೀಪಿಕಾ ನನ್ನ ಕೈ ಬಿಡಿಸಿದಳು.

ಆಮೇಲೆ ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದೆ. ಹಸಿವಾಗಿತ್ತು. ದೀಪಿಕಾ ತಿನ್ನಲಿಲ್ಲ, ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು.

ಅವನು ಬದುಕಿದ್ದಾನೆ.

ಮಾರ್ಚ್ 30, ಭಾನುವಾರ. ಯುಗಾದಿ

ಆಸ್ಪತ್ರೆಯಲ್ಲೇ ಹಬ್ಬ. ಯಾರೋ ಬೇವುಬೆಲ್ಲ ಕೊಟ್ಟರು.

ಪೊಲೀಸರು ಹೇಳಿಕೆ ಪಡೆಯಲು ಎರಡನೆಯ ಸಲ ಬಂದರು. ಅವನಿಗೆ ಈಗ ಒಂದೊಂದು ಮಾತು ಬರುತ್ತದೆ. ಹೇಗಾಯಿತು ಎಂದು ಕೇಳಿದ್ದಕ್ಕೆ ಬಹಳ ಕಷ್ಟಪಟ್ಟು "ಬಿದ್ದೆ" ಎಂದ. ಪಾಲಾಕ್ಷ ಕಟ್ಟು ಹಾಕಿದ ಬೆರಳು ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದ. ಒಳ್ಳೆಯದಾಯಿತು, ಇಲ್ಲಿಗೇ ಮುಗಿಸಿ ಎಂದ ಪೊಲೀಸರಿಗೆ.

ಹೆಂಡತಿಯ ಕೈಲಿ ಏಟು ತಿಂದೆ ಎಂದು ಹೇಳಿಕೊಳ್ಳುವುದಕ್ಕಿಂತ ಬಚ್ಚಲಲ್ಲಿ ಬೀಳುವುದೇ ಅವನಿಗೆ ಹಿತ. ನನಗೂ ಅದೇ ಅನುಕೂಲ. ಆದರೆ ಆ ಮಾತು ನಿಂತರೆ ದೀಪಿಕಾಳ ಕುತ್ತಿಗೆಯ ಮೇಲಿನ ಬೆರಳ ಗುರುತೂ ಎಲ್ಲೋ ಬಿದ್ದು ಆದದ್ದೇ ಆಗುತ್ತದೆ. ಹೊನ್ನೂರಸ್ವಾಮಿಯ ಹಲ್ಲೂ, ಗುರುಸ್ವಾಮಿಯವರ ಪಕ್ಕೆಲುಬೂ ಹಾಗೆಯೇ. ಹಾಗಾಗಿ ಅವನ ಮಂಚದ ಪಕ್ಕದಲ್ಲೇ ನಿಂತು ಮೊದಲಿನಿಂದ ಎಲ್ಲ ಹೇಳಿದೆ. ನಾನು ಹೊಡೆದದ್ದನ್ನೂ, ಡಾಕ್ಟರಮ್ಮ ಎಚ್ಚರಿಸಿದ್ದು ನೆನಪಿದ್ದೂ ಮರುದಿನ ಬೆಳಿಗ್ಗೆಯವರೆಗೆ ಫೋನ್ ಮಾಡದೆ ಕೂತದ್ದನ್ನೂ. ದೀಪಿಕಾ ಶಾಲು ತೆಗೆದು ಕುತ್ತಿಗೆ ತೋರಿಸಿದಳು. ಅವಳಿಗೆ ಆ ಎಚ್ಚರಿಕೆಯ ವಿಷಯ ತಿಳಿದದ್ದು ಈಗಲೇ. ಶಾಲು ಮತ್ತೆ ಹೊದ್ದುಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ.

ಅವನು ಗೋಡೆಯ ಕಡೆ ತಿರುಗಿದ.

ಏಪ್ರಿಲ್ 14, ಸೋಮವಾರ

ಹೋದ ವಾರ ನನಗೆ ಜಾಮೀನು ಸಿಕ್ಕಿತು. ಕೇಸು ನಡೆಯಲಿ.

ಚಿಕ್ಕಬಸಪ್ಪನವರು ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು ಅಳು ಬಂದ ದನಿಯಲ್ಲಿ, ನನ್ನಿಂದಲೇ ಹೀಗಾಯಿತಲ್ಲ ತಾಯಿ, ನಾನೂ ಆಸ್ಪಿರಿನ್ ಬಿಟ್ಟುಬಿಟ್ಟೆ ಎಂದರು. ಯಾವಾಗಿನಿಂದ ಎಂದೆ. ಮೊನ್ನೆಯಿಂದ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಅವರ ರಟ್ಟೆ ಹಿಡಿದು ಹೊರಗೆ ನಡೆಸಿಕೊಂಡು ಹೋದೆ. ನಿಮ್ಮ ಎದೆಯಲ್ಲಿ ಸ್ಟೆಂಟ್ ಇದೆ, ನಿಮಗೆ ಅದು ಬೇಕು, ಡಾಕ್ಟರನ್ನು ಕೇಳದೆ ಅವನು ನುಂಗಿ ಕೆಟ್ಟ, ಕೇಳದೆ ನೀವು ಬಿಟ್ಟು ಸಾಯುತ್ತೀರಾ ಎಂದು ಬೀದಿಯಲ್ಲೇ ಕೇಳಿದೆ. ಔಷಧಿ ಅಂಗಡಿಯ ಮುಂದೆ ನಿಲ್ಲಿಸಿ ನುಂಗಿಸಿದೆ. ರಟ್ಟೆ ಬಿಟ್ಟಾಗ ನನ್ನ ಬೆರಳ ಗುರುತು ಮೂಡಿದ್ದವು. ಅವರದೂ ತೆಳು ರಕ್ತ.

ಮೇ 22, ಗುರುವಾರ

ಗಂಡಿನ ಕಡೆಯವರು ಸುದ್ದಿ ಕೇಳಿ ಹಿಂದೆ ಸರಿದಾಗಿತ್ತು. ನಿಶ್ಚಯವಾಗಿದ್ದ ದಿನ ಇವತ್ತೇ ಇತ್ತು. ದೀಪಿಕಾ ಶಾಲೆಗೆ ರಜೆಯಾದರೂ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಮಕ್ಕಳ ಉತ್ತರಪತ್ರಿಕೆ ನೋಡುತ್ತ ಕೂತಿದ್ದಳು. ಅಶ್ವಥ್ ಮೊನ್ನೆ ಸೀರೆ ತಂದು ಕೊಟ್ಟ. ಗಂಟು ಹಾಕಿದ ಜಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಇದೆ. ಅದನ್ನೇ ಮದುವೆಗೆ ಉಡುತ್ತೇನೆ, ಮದುವೆಯಾದರೆ ಎಂದಳು.

ಮಿಲ್ಲಿಗೆ ಈಗ ನಾನೇ ಹೋಗುತ್ತೇನೆ. ಹೊನ್ನೂರಸ್ವಾಮಿ ಬೇರೆ ಮಿಲ್ಲಿಗೆ ಸೇರಿದ್ದಾನೆ, ಕರೆದರೂ ಬರಲಿಲ್ಲ. ಉಳಿದವರು ನಾನು ಒಳಗೆ ಕಾಲಿಟ್ಟರೆ ಎದ್ದು ನಿಲ್ಲುತ್ತಾರೆ. ಮೊದಲು ಅಕ್ಕ, ಊಟ ಆಯ್ತಾ ಎಂದು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಕೆಲಸ ಚೆನ್ನಾಗಿ ನಡೆಯುತ್ತಿದೆ.

ಅವನ ಬಲಗೈ ಪೂರ್ತಿ ಬಂದಿಲ್ಲ, ಬರುವುದಿಲ್ಲವಂತೆ. ಕೋಲು ಊರಿ ಜಗುಲಿಯವರೆಗೆ ನಡೆಯುತ್ತಾನೆ. ಆಸ್ಪಿರಿನ್ ನಿಂತಿದೆ. ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ನಾನೇ ಕೊಡುತ್ತೇನೆ. ಒತ್ತಡ ಈಗ ಎಲ್ಲರ ಹಾಗೆ ಇದೆ. ಈ ಮಾತ್ರೆಗಳನ್ನು ಮೊದಲೇ ನುಂಗಿದ್ದರೆ ಎಂದು ಡಾಕ್ಟರು ಹೇಳಲು ಹೋಗಿ, ಚೀಟಿ ಬರೆದುಕೊಟ್ಟರು.

ಇವತ್ತು ಬೆಳಿಗ್ಗೆ ಮಾತ್ರೆ ಬೇಡ ಎಂಬಂತೆ ಮುಖ ತಿರುಗಿಸಿದ. "ನುಂಗು" ಎಂದೆ. ಬಾಯಿ ಬಿಗಿಹಿಡಿದ. ಅಷ್ಟರಲ್ಲಿ ಅವನ ತಲೆಯ ಮೇಲಿನ ಗೂಡಿನಿಂದ ನೀರಿನ ತಂಬಿಗೆ ತೆಗೆಯಲು ನಾನು ಕೈ ಎತ್ತಿದೆ. ಅವನು ಕಣ್ಣು ಮುಚ್ಚಿ, ಒಳ್ಳೆಯ ಕೈಯನ್ನು ತಲೆಗೆ ಅಡ್ಡ ಹಿಡಿದುಕೊಂಡು, ಮಂಚದ ಮೂಲೆಗೆ ಸರಿದ. ಆಮೇಲೆ ಬಾಯಿ ತೆರೆದ. ಬೇಗ ನುಂಗಿದ.

ದೀಪಿಕಾ ಬಾಗಿಲಲ್ಲಿ ನಿಂತಿದ್ದಳು. ಅವನು ಜಗುಲಿಗೆ ಹೋದ ಮೇಲೆ ಅಡುಗೆಮನೆಗೆ ಬಂದಳು.

"ಅವ್ವ, ಅಪ್ಪಂಗೆ ಒಂದ್ ಮಾತು ಹೇಳ್ಬಿಡು," ಎಂದಳು. "ಇನ್ಮೇಲೆ ಹೊಡೆಯಲ್ಲ ಅಂತ."

ನಾನು ಯಾಕೆ ಹೊಡೆಯಲಿ? ಹೊಡೆಯುವವಳಲ್ಲ ನಾನು. ಅದು ಅವಳಿಗೂ ಗೊತ್ತು. ಆಯಿತು ಹೇಳುತ್ತೇನೆ ಎಂದೆ.

ಸಂಜೆಯ ಮಾತ್ರೆಯನ್ನೂ ಬೇಗ ನುಂಗಿದ. ಇನ್ನೂ ಹೇಳಿಲ್ಲ.